ಕಡಿಮೆ ಓಡಿದ ಗಾಡಿ

ದಿನವಿಡೀ ಬೆನ್ನ ಹಿಂದೆ ನಲವತ್ನಾಲ್ಕು ಸೀಟು ಎಳೆಯುವವಳಿಗೆ
ಎರಡೇ ಸೀಟಿನ ಗಾಡಿ ಬೇಕಂತೆ.
ಸ್ಕೂಲ್ ಬಸ್ಸಿನ ರೆನಾಟಾ, ಐವತ್ತೊಂದು ತುಂಬಿದವಳು,
ನನ್ನ ಗ್ಯಾರೇಜಿಗೆ ಬಂದು ಎಣ್ಣೆ ಡಬ್ಬದ ಮೇಲೆ ಕೂತು ಹೇಳಿದಳು:
"ಗಸ್, ನೀನೊಮ್ಮೆ ನೋಡಿ ಹೇಳು.
ತೊಂಬತ್ಮೂರರ ಮಾಡೆಲ್ಲು, ಕೆಂಪು,
ಓಡಿದ್ದು ಬರೀ ಹದಿನೇಳು ಸಾವಿರ ಮೈಲಿ.
ದಿನಾ ಡಿಪೋಗೆ ಅದರಲ್ಲೇ ಹೋಗ್ತೀನಿ."

ದಿನಾ!
ಬೆಳಗಿನ ಜಾವ ನಾಲ್ಕೂ ನಲವತ್ತಕ್ಕೆ,
ಈ ಆಷ್ಟಬುಲಾದಲ್ಲಿ,
ಸರೋವರ ಹಿಮ ಉಗುಳುವ ಜನವರಿಯಲ್ಲಿ.
ನವೆಂಬರ್ ಬಂತೆಂದರೆ ಇಲ್ಲಿ ರಸ್ತೆಗೇ ಉಪ್ಪು ಉಣಿಸುತ್ತಾರೆ;
ಉಪ್ಪು ತಿಂದದ್ದು ರಸ್ತೆ,
ನೀರು ಕುಡಿಯುವುದು ಗಾಡಿಯ ತಳ.
ಐದು ಚಳಿಗಾಲ ಸಾಕು, ತಗಡು ಹಪ್ಪಳ.

ಆದರೂ ಹೋದೆವು, ಶನಿವಾರ.
ಹಲ್ಲಿನ ಡಾಕ್ಟರು ಲಿಂಡ್‌ಕ್ವಿಸ್ಟ್ ತೀರಿಕೊಂಡು ಎಂಟು ತಿಂಗಳು.
ಹೆಂಡತಿ ಓಪಲ್ ಶೆಡ್ಡಿನ ಬಾಗಿಲೆತ್ತಿ
ಹೊದಿಸಿದ್ದ ಬಟ್ಟೆ ಎಳೆದಳು.
ಸುಳ್ಳೇಕೆ, ನನಗೂ ಮಾತು ಹೊರಡಲಿಲ್ಲ:
ಆಗಷ್ಟೇ ಕಿತ್ತ ಚೆರ್ರಿಯ ಬಣ್ಣ.

ಆಮೇಲೆ ಮಂಡಿಯೂರಿದೆ, ಟಾರ್ಚು ಹಚ್ಚಿದೆ.
ಟೈರಿನ ಗೀರು ಹೊಸದು, ಟೈರು ಹುಟ್ಟಿ ಮಾತ್ರ ಹದಿನಾರು ವರ್ಷ;
ಪಕ್ಕೆಯಲ್ಲಿ ಅಚ್ಚೊತ್ತಿದ ಜಾತಕ ಯಾರೂ ಓದುವುದಿಲ್ಲ.
ರಬ್ಬರ್ ಕೊಳವೆ ಹಿಚುಕಿದರೆ ಕಟಕಲು ರೊಟ್ಟಿಯ ಸದ್ದು.
ಗಾಳಿ ಸೋಸುವ ಪೆಟ್ಟಿಗೆಯಲ್ಲಿ ಇಲಿಯ ಬಾಣಂತಿ ಕೋಣೆ,
ಹಾಸಿಗೆಗೆ ಡಾಕ್ಟರರ ಯಾವುದೋ ವರ್ಷದ ತೆರಿಗೆ ಕಾಗದ.
"ಓಡಿದ ಗಾಡಿ ಸವೆಯುತ್ತೆ ರೆನಾಟಾ,
ನಿಂತದ್ದು ಒಳಗೊಳಗೇ ಒಣಗುತ್ತೆ.
ಎಲ್ಲಿ ಸೋರುತ್ತೋ ಹೇಳೋಕೆ ನನಗೂ ಆಗಲ್ಲ."
ಕೇಳಲು ಅವಳಿದ್ದರೆ ತಾನೆ?
ಆಗಲೇ ಒಳಗೆ ಕೂತು ಕನ್ನಡಿ ಸರಿಮಾಡುತ್ತಿದ್ದಳು.

ಅವಳು ಇಳಿದಾಗ ಕಂಡದ್ದು ಸೀಟು.
ಎಡದಂಚಿನ ಚರ್ಮ ಸವೆದು ಬಿಳಿಚಿದೆ,
ಕ್ಲಚ್ಚಿನ ಪೆಡಲು ನದಿಯ ಕಲ್ಲಿನಷ್ಟು ನುಣುಪು,
ಗೇರಿನ ಗುಂಡಿಯ ಮೇಲೆ ಮೂರು ನಾಲ್ಕು ಅಳಿಸಿಹೋಗಿವೆ.
ಹದಿನೇಳು ಸಾವಿರಕ್ಕೆ ಇಷ್ಟೊಂದೇ?
ಮೀಟರು ಹಿಂದಕ್ಕೆ ತಿರುಗಿಸಿದ್ದಾರೆ!
ನಲವತ್ತು ವರ್ಷದ ಕಸುಬು ನನ್ನದು,
ಇಂಥ ಮೋಸ ಮೂಸಿಯೇ ಹಿಡಿಯುತ್ತೇನೆ.
ಮುಖಕ್ಕೆ ಹೊಡೆದಂತೆ ಕೇಳಿಯೂ ಬಿಟ್ಟೆ.

ಓಪಲ್‌ಗೆ ಸಿಟ್ಟು ಬರಲಿಲ್ಲ.
"ತಿರುಗಿಸಿಲ್ಲಪ್ಪ. ರಾತ್ರಿ ಊಟ ಮುಗಿಸಿ ದಿನಾ ಬಂದು ಕೂರುತ್ತಿದ್ದ.
ಶೆಡ್ಡಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು, ಎಂಜಿನ್ ಆರಿಯೇ ಇರುತ್ತಿತ್ತು.
ರೇಡಿಯೋದಲ್ಲಿ ಬೇಸ್‌ಬಾಲ್.
ಕ್ಲಚ್ಚು ಒತ್ತೋದು, ಗೇರು ಹಾಕೋದು, ತೆಗೆಯೋದು.
ಎಲ್ಲಿಗೆ ಹೋಗುತ್ತಿದ್ದನೋ, ನಾನು ಕೇಳಲಿಲ್ಲ.
ಬ್ಯಾಟರಿ ಮಾತ್ರ ಒಂಬತ್ತು ಬದಲಾದವು."

ಬೇಡ ಅನ್ನಲೆಂದೇ ಬಂದವನು ನಾನು.
ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತು
ನಾಲಿಗೆ ತುದಿಯಲ್ಲೇ ತುಕ್ಕು ಹಿಡಿಯಿತು.
"ನಾಲ್ಕು ಟೈರು, ಕೊಳವೆಗಳು, ಇಲಿಯ ಬಾಡಿಗೆ," ಅಂತ
ಏನೋ ಲೆಕ್ಕ ಹೇಳಿ ಎಂಟುನೂರು ಡಾಲರ್ ಇಳಿಸಿದೆ.
ಓಪಲ್ ಆ ಬಟ್ಟೆಯನ್ನೂ ಮಡಿಸಿ ಚಾಚಿದಳು.
"ಬೇಡ, ನಿಮ್ಮ ಟೊಮೇಟೊ ಗಿಡಕ್ಕೆ ಹೊದಿಸಿ," ಅಂದಳು ರೆನಾಟಾ,
"ಇವತ್ತು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತಂತೆ."

ಹಿಂದೆ ನಾನು, ನನ್ನ ಟ್ರಕ್ಕಿನಲ್ಲಿ, ಎಳೆಯುವ ಹಗ್ಗ ಪಕ್ಕದಲ್ಲೇ.
ಮುಂದೆ ಆ ಚೆರ್ರಿ, ಹಳೇ ಟೈರಿನ ಮೇಲೆ ತುದಿಗಾಲ ನಡಿಗೆ.
ರೈಲು ಹಳಿ ಬಂತು.
ರೈಲಿಲ್ಲ, ಗೇಟಿಲ್ಲ, ಕೆಂಪು ದೀಪವಿಲ್ಲ,
ಆದರೂ ಪೂರ್ತಿ ನಿಂತಳು.
ಕಿಟಕಿ ಇಳಿಸಿದಳು,
ಎಡಕ್ಕೆ ಕಿವಿ, ಬಲಕ್ಕೆ ಕಿವಿ,
ಬೆನ್ನ ಹಿಂದೆ ನಲವತ್ನಾಲ್ಕು ಮಕ್ಕಳು ಉಸಿರು ಹಿಡಿದು ಕೂತಂತೆ.
ಯಾರೋ ಹಾರ್ನು ಹೊಡೆದರು, ಯಾರೋ ಬೈದರು.
ಕೈ ಹೊರಚಾಚಿ, ತಾಳಿ ಅಂದು,
ಮೊದಲ ಗೇರಿಗೆ ಬಿದ್ದಳು.

ನವೆಂಬರಿಗೆ ಇನ್ನೂ ಹದಿನೆಂಟು ದಿನ.